ಒಂದು ದಿನ ಕೂಡಿಸಬೇಡಿ

ಮೊಬೈಲ್ ಆ್ಯಪ್‌ಗೆ ಕ್ಯಾಲೆಂಡರ್ ಜೋಡಿಸುವ ಬಗ್ಗೆ ಬರುವ ಪತ್ರಗಳಲ್ಲಿ ಅರ್ಧಕ್ಕರ್ಧ ಒಂದೇ ಪ್ರಶ್ನೆ, ಊರು ಮಾತ್ರ ಬೇರೆ ಬೇರೆ. ಈ ಸಲ ಅದಕ್ಕೇ ಹೆಚ್ಚು ಜಾಗ ಕೊಡುತ್ತಿದ್ದೇನೆ. ಪ್ಯಾಕೇಜ್ ಇನ್‌ಸ್ಟಾಲ್ ಮಾಡುವುದು ಹೇಗೆ, ಎಮ್ಯುಲೇಟರ್ ಯಾಕೆ ನಿಧಾನ ಎಂಬುದನ್ನೆಲ್ಲ ಇಲ್ಲಿ ಹೇಳುವುದಿಲ್ಲ.

ಪ್ರಶ್ನೆ: ಸರ್, ಹುಬ್ಬಳ್ಳಿ ಒಳಗ ಕಲ್ಯಾಣ ಮಂಟಪದ ಬುಕಿಂಗ್ ಆ್ಯಪ್ ಮಾಡಾಕತ್ತೀನಿ, ರಿಯಾಕ್ಟ್ ನೇಟಿವ್‌ನಾಗ. ಮೇ 10 ಆರಿಸಿದ್ರ ಡೇಟಾಬೇಸ್‌ನಾಗ ಮೇ 9 ಅಂತ ಕೂಡತೈತಿ. ಒಮ್ಮೊಮ್ಮೆ ಸರಿನೂ ಇರತೈತಿ. ನಮ್ಮ ಸೀನಿಯರ್ ‘ಸರ್ವರ್ ಅಮೆರಿಕಾದಾಗ ಐತಿ, ಅದಕ್ಕ ಹಿಂಗ. ಒಂದು ದಿನ ಕೂಡಿಸಿ ಕಳಸು’ ಅಂದ್ರು. ಕೂಡಿಸಿದೆ. ಈಗ ಕೆಲವು ಬುಕಿಂಗ್ ಮೇ 11ಕ್ಕ ಹೋಗ್ಯಾವು. ಏನ್ ಮಾಡ್ಲಿ?

ಉತ್ತರ: ಮೊದಲು ಆ ಕೂಡಿಸಿದ ಸಾಲನ್ನು ಅಳಿಸಿ. ಸರ್ವರ್ ಅಮೆರಿಕದಲ್ಲಿದ್ದರೂ ಅಷ್ಟೇ, ನವನಗರದಲ್ಲಿದ್ದರೂ ಅಷ್ಟೇ. ನಿಮ್ಮ ತಾರೀಕು ಕೆಟ್ಟಿರುವುದು ಫೋನಿನೊಳಗೆ, ನೆಟ್‌ವರ್ಕ್‌ಗೆ ಹೋಗುವ ಮುಂಚೆಯೇ.

ಜಾವಾಸ್ಕ್ರಿಪ್ಟ್‌ನ ‘ಡೇಟ್’ ಎಂಬುದು ಹೆಸರಿಗೆ ತಾರೀಕು, ಒಳಗಿರುವುದು ಒಂದು ಕ್ಷಣ. ದಿನ ಆರಿಸುವ ಪರದೆಯಾದ ಪಿಕರ್‌ನಲ್ಲಿ ಮೇ 10 ಒತ್ತಿದಾಗ ಅದು ಬಹುತೇಕ ಮೇ 10ರ ನಡುರಾತ್ರಿ ಸೊನ್ನೆ ಗಂಟೆಯನ್ನು ಹಿಡಿದುಕೊಳ್ಳುತ್ತದೆ, ಅದೂ ಭಾರತೀಯ ಕಾಲಮಾನದಲ್ಲಿ. ನಮ್ಮ ಗಡಿಯಾರ ಯುಟಿಸಿಗಿಂತ, ಅಂದರೆ ಜಗತ್ತಿಗೆಲ್ಲ ಒಂದೇ ಆದ ಕಾಲಮಾನಕ್ಕಿಂತ, ಐದೂವರೆ ತಾಸು ಮುಂದೆ. ಅಂದರೆ ಆ ಕ್ಷಣ ಯುಟಿಸಿಯಲ್ಲಿ ಮೇ 9ರ ಸಂಜೆ 18:30. ನೀವು ಅದನ್ನು ಯುಟಿಸಿ ಪಠ್ಯವಾಗಿಸುವ ಟು-ಐಎಸ್ಒ-ಸ್ಟ್ರಿಂಗ್ ಫಂಕ್ಷನ್ ಕರೆದಿರಿ, ಅಥವಾ ಕರೆಯದೆಯೇ ಇಡೀ ಆಬ್ಜೆಕ್ಟನ್ನು ಜೇಸನ್ (ಸರ್ವರ್‌ಗೆ ಕಳಿಸುವ ಪಠ್ಯರೂಪ) ಮಾಡಿ ಕಳಿಸಿದಿರಿ. ಎರಡೂ ಒಂದೇ, ಜೇಸನ್ ಮಾಡುವಾಗ ಅದೇ ಫಂಕ್ಷನ್ ಸದ್ದಿಲ್ಲದೆ ಓಡುತ್ತದೆ. ಆಚೆ ಕಡೆ ಯಾರೋ ಮೊದಲ ಹತ್ತು ಅಕ್ಷರ, ಅಂದರೆ ತಾರೀಕಿನ ಭಾಗ ಮಾತ್ರ, ಕತ್ತರಿಸಿಕೊಂಡರು. ಮೇ 9 ಬಂತು.

‘ಒಮ್ಮೊಮ್ಮೆ ಸರಿ’ ಯಾಕೆ? ಕೆಲವು ಪಿಕರ್‌ಗಳು ನಡುರಾತ್ರಿಯ ಬದಲು ಆ ಹೊತ್ತಿನ ಗಡಿಯಾರದ ಸಮಯವನ್ನೇ ಅಂಟಿಸಿ ಕೊಡುತ್ತವೆ. ಮಧ್ಯಾಹ್ನ ಮೂರಕ್ಕೆ ಆರಿಸಿದರೆ ಐದೂವರೆ ತಾಸು ಹಿಂದೆ ಹೋದರೂ ದಿನ ಅದೇ. ರಾತ್ರಿ ಹನ್ನೆರಡರಿಂದ ಬೆಳಗಿನ ಐದೂವರೆಯೊಳಗೆ ಆರಿಸಿದರೆ ಮಾತ್ರ ಹಿಂದಿನ ದಿನಕ್ಕೆ ಜಾರುತ್ತದೆ. ನಿಮ್ಮ ಆ್ಯಪ್‌ನಲ್ಲಿ ಒಂದು ಪರದೆಗೆ ಒಂದು ಬಗೆಯ ಪಿಕರ್, ಇನ್ನೊಂದಕ್ಕೆ ಇನ್ನೊಂದು ಇರಬೇಕು. ಜಾರದೇ ಇದ್ದ ತಾರೀಕಿಗೂ ನೀವು ಒಂದು ಕೂಡಿಸಿದಿರಿ, ಅದು 11 ಆಯಿತು. ಈ ‘ಕೂಡಿಸು, ಕಳೆ’ ಮದ್ದು ಹೇಳಿಕೊಡುವ ವಿಡಿಯೊಗಳು ಬೇಕಾದಷ್ಟಿವೆ. ರೋಗ ಯಾವುದೆಂದು ನೋಡದೆ ಔಷಧ ಕೊಡುವವರು ಎಲ್ಲ ಕಸುಬಿನಲ್ಲೂ ಇದ್ದಾರೆ.

ಇದರ ತಿರುಗುಮುರುಗು ಇನ್ನೊಂದಿದೆ, ಅದು ನಿಮಗಿನ್ನೂ ಕಂಡಿಲ್ಲ. ಸರ್ವರ್‌ನಿಂದ ಬರೀ ‘2026-05-10’ ಎಂದು ಬಂದದ್ದನ್ನು ನೇರವಾಗಿ ನ್ಯೂ ಡೇಟ್‌ಗೆ ಹಾಕಿದರೆ, ಅದು ಯುಟಿಸಿ ನಡುರಾತ್ರಿ ಎಂದೇ ಓದಿಕೊಳ್ಳುತ್ತದೆ. ಟೈಮ್‌ಝೋನ್ ಹೇಳದೆ ಸಮಯ ಸೇರಿಸಿ ಕೊಟ್ಟರೆ ಸ್ಥಳೀಯ ಕಾಲ, ಬರೀ ತಾರೀಕಾದರೆ ಯುಟಿಸಿ: ನಿಯಮವೇ ಹಾಗಿದೆ. ಹುಬ್ಬಳ್ಳಿಯಲ್ಲಿ ಅದು ಬೆಳಗಿನ ಐದೂವರೆ, ದಿನ ಕೆಡುವುದಿಲ್ಲ, ನಿಮ್ಮ ಕಚೇರಿಯಲ್ಲಿ ಎಷ್ಟು ಟೆಸ್ಟ್ ಮಾಡಿದರೂ ಸಿಕ್ಕಿಬೀಳುವುದಿಲ್ಲ. ನ್ಯೂಜೆರ್ಸಿಯಲ್ಲಿರುವ ಮದುಮಗನ ಅಣ್ಣ ಆ್ಯಪ್ ತೆರೆದರೆ ಮೇ 9 ಕಾಣುತ್ತದೆ, ಅವನು ಅದನ್ನು ನೋಡಿಯೇ ವಿಮಾನದ ಟಿಕೆಟ್ ಮಾಡಿಸುತ್ತಾನೆ. ಲಗ್ನಪತ್ರಿಕೆಯಲ್ಲಿ ಅಚ್ಚಾದ ತಾರೀಕು ಎಲ್ಲಿ ಓದಿದರೂ ಅದೇ ಅಲ್ಲವೇ? ಕ್ಯಾಲೆಂಡರ್‌ನ ದಿನವೂ ಹಾಗೇ ಇರಬೇಕು. ಅಕ್ಕಿಕಾಳಿನ ಮುಹೂರ್ತ ಒಂದು ಕ್ಷಣ, ಅದಕ್ಕೆ ಟೈಮ್‌ಝೋನ್ ಬೇಕು. ಮಂಟಪ ಬುಕ್ ಆದ ದಿನಕ್ಕೆ ಟೈಮ್‌ಝೋನ್ ಇಲ್ಲ.

ಆದ್ದರಿಂದ ದಿನವನ್ನು ದಿನವಾಗಿಯೇ ಸಾಗಿಸಿ. ನೀವು ಬಳಸುವುದು ರಿಯಾಕ್ಟ್ ನೇಟಿವ್ ಕ್ಯಾಲೆಂಡರ್ಸ್ ಎಂಬ ಲೈಬ್ರರಿ ಆದರೆ, ದಿನ ಒತ್ತಿದಾಗ ಅದು ‘ಡೇಟ್‌ಸ್ಟ್ರಿಂಗ್’ ಎಂದು ಸಿದ್ಧ ಪಠ್ಯವನ್ನೇ ಕೊಡುತ್ತದೆ. ಅದನ್ನು ಬಿಟ್ಟು ಪಕ್ಕದಲ್ಲಿರುವ, ಕ್ಷಣವನ್ನು ಹಿಡಿದಿಟ್ಟ ಟೈಮ್‌ಸ್ಟ್ಯಾಂಪಿಗೆ ಕೈಹಾಕುವುದು ಯಾಕೋ ನನಗಂತೂ ತಿಳಿಯದು. ಬೇರೆ ಪಿಕರ್ ಆದರೆ ಸ್ಥಳೀಯ ವರ್ಷ, ತಿಂಗಳು, ದಿನ ಮೂರನ್ನೂ ತೆಗೆದು ನೀವೇ ಜೋಡಿಸಿ. ಜಾವಾಸ್ಕ್ರಿಪ್ಟ್‌ನಲ್ಲಿ ತಿಂಗಳು ಸೊನ್ನೆಯಿಂದ ಎಣಿಕೆ, ಆ ಲೈಬ್ರರಿ ಕೊಡುವ ತಿಂಗಳು ಒಂದರಿಂದ. ಒಂದಂಕಿಯ ತಿಂಗಳು, ದಿನಕ್ಕೆ ಮುಂದೆ ಸೊನ್ನೆ ಸೇರಿಸಿ, ಇಲ್ಲದಿದ್ದರೆ ಗುರುತು ಮಾಡಿದ ದಿನಗಳು ಹೊಂದಿಕೆಯಾಗುವುದಿಲ್ಲ. ಡೇಟಾಬೇಸ್‌ನಲ್ಲಿ ಕಾಲಂ ಬಗೆ ಡೇಟ್ ಇರಲಿ, ಟೈಮ್‌ಸ್ಟ್ಯಾಂಪ್ ಬೇಡ. ಸರ್ವರ್‌ಗೆ ನೋಡ್, ಡೇಟಾಬೇಸ್‌ಗೆ ಪೋಸ್ಟ್‌ಗ್ರೆಸ್ ಬಳಸುವವರು ಇನ್ನೂ ಒಂದು ಕಡೆ ಎಡವುತ್ತಾರೆ: ಅವೆರಡನ್ನೂ ಜೋಡಿಸುವ ಡ್ರೈವರ್ ಡೇಟ್ ಕಾಲಂ ಓದುವಾಗ ಮತ್ತೆ ಅದೇ ಡೇಟ್ ಆಬ್ಜೆಕ್ಟ್ ಮಾಡಿಕೊಡುತ್ತದೆ, ಯಂತ್ರದ ಸ್ಥಳೀಯ ನಡುರಾತ್ರಿಗೆ. ಹಾಗಾಗಿ ಅದನ್ನು ಜೇಸನ್ ಮಾಡಿದಾಗ ಯುಟಿಸಿಗೆ ಇಟ್ಟ ಸರ್ವರ್‌ನಲ್ಲಿ ಸರಿ, ನಿಮ್ಮ ಲ್ಯಾಪ್‌ಟಾಪಿನಲ್ಲಿ ತಪ್ಪು. ಪಠ್ಯವಾಗಿಯೇ ಓದುವಂತೆ ಹೇಳಿ.

ತಾರೀಕಿನ ಲೆಕ್ಕಕ್ಕಿರುವ ‘ಮೊಮೆಂಟ್ ಲೈಬ್ರರಿ ಹಾಕಿದರೆ ಸರಿಹೋಗುತ್ತೆ’ ಎನ್ನುವವರೂ ಬರುತ್ತಾರೆ. ಅದನ್ನು ಮಾಡಿದವರೇ ಹೊಸ ಕೆಲಸಕ್ಕೆ ಬಳಸಬೇಡಿ ಎಂದು 2020ರಲ್ಲೇ ಹೇಳಿದ್ದಾರೆ. ಲೈಬ್ರರಿ ಯಾವುದಾದರೇನು, ದಿನವನ್ನು ಕ್ಷಣ ಮಾಡಿದ ಮೇಲೆ ಅದು ಜಾರುವುದೇ.

ಇನ್ನು ಈಗಾಗಲೇ ಕೂತಿರುವ ಬುಕಿಂಗ್‌ಗಳು. ಎಲ್ಲವನ್ನೂ ಒಂದೇ ಅಪ್ಡೇಟ್ ಹೊಡೆದು ಸರಿಮಾಡುತ್ತೇನೆ ಎಂದು ಕೂರಬೇಡಿ. ಪೂರ್ತಿ ಟೈಮ್‌ಸ್ಟ್ಯಾಂಪ್ ಉಳಿದಿದ್ದು, ಅದರಲ್ಲಿ 18:30 ಎಂದಿದ್ದರೆ ಅದು ನಡುರಾತ್ರಿ ಜಾರಿದ್ದರ ಗುರುತು. ಆದರೆ ನೀವು ಕೂಡಿಸಿ ಕಳಿಸಿದ್ದರಲ್ಲೂ ಅದೇ 18:30 ಇರುತ್ತದೆ. ಯಾವುದು ಹಳೆಯ ಆ್ಯಪ್‌ನಿಂದ ಬಂತು, ಯಾವುದು ಹೊಸದರಿಂದ ಎಂದು ಗೊತ್ತಿಲ್ಲದೆ ಬೇರ್ಪಡಿಸಲಾಗದು. ಮಂಟಪದ ಮ್ಯಾನೇಜರರ ಹತ್ತಿರ ರಿಜಿಸ್ಟರ್ ಪುಸ್ತಕ ಇದ್ದೇ ಇರುತ್ತದೆ. ಅವರ ಪಕ್ಕ ಕೂತು ಒಂದೊಂದೇ ಸಾಲು ತಾಳೆ ನೋಡಿ, ಅನುಮಾನ ಬಂದಲ್ಲಿ ಆ ಮನೆಯವರಿಗೆ ಫೋನ್ ಮಾಡಿ. ನಾಚಿಕೆಯಾಗುತ್ತದೆ, ಆಗಲಿ. ಒಂದೇ ದಿನ ಎರಡು ದಿಬ್ಬಣ ಬಂದು ನಿಂತರೆ ಅದಕ್ಕಿಂತ ಹೆಚ್ಚು ಆಗುತ್ತದೆ. ಈ ಮದುವೆ ಸೀಸನ್ ಮುಗಿಯುವವರೆಗೆ ಆ ರಿಜಿಸ್ಟರ್ ಮುಚ್ಚಿಸಬೇಡಿ, ಆ್ಯಪ್ ಎಷ್ಟೇ ಚಂದ ಓಡಲಿ.

ಪ್ರಶ್ನೆ: ಬ್ಯಾಡಗಿ ಮೆಣಸಿನಕಾಯಿ ವ್ಯಾಪಾರಕ್ಕೆ ಫ್ಲಟರ್‌ನಲ್ಲಿ ಆ್ಯಪ್. ಟೆಂಡರ್ ಇರುವ ಸೋಮವಾರ, ಗುರುವಾರ ಮಾತ್ರ ಆರಿಸಲು ಬರಬೇಕು. ನಮ್ಮ ಮಾಲೀಕರು ಕ್ಯಾಲೆಂಡರ್‌ನಲ್ಲಿ ‘ಎಲ್ಲವೂ ಸೆಟ್ಟಿಂಗ್‌ನಿಂದ ಬದಲಾಗಬೇಕು’ ಅನ್ನುತ್ತಾರೆ. ಎಷ್ಟು ಆಯ್ಕೆ ಕೊಡಲಿ? (ಹಾವೇರಿ)

ಉತ್ತರ: ಮಾಲೀಕರು ‘ಎಲ್ಲವೂ’ ಎಂದರೆ ಅವರಿಗೂ ಏನು ಬೇಕೆಂದು ಗೊತ್ತಿಲ್ಲ ಎಂದರ್ಥ. ‘ಸೋಮವಾರ ಬಿಡಲೇ’, ‘ರವಿವಾರ ರಜೆಯೇ’, ‘ಹಬ್ಬ ಮುಚ್ಚಲೇ’ ಎಂದು ಒಂದೊಂದಕ್ಕೂ ‘ಹೌದು-ಇಲ್ಲ’ ಗುಂಡಿ ಕೊಡುತ್ತ ಹೋದರೆ ಮುಂದಿನ ದೀಪಾವಳಿಗೆ ನಿಮಗೇ ಅದು ಅರ್ಥವಾಗುವುದಿಲ್ಲ. ಒಂದೇ ಒಂದು ಫಂಕ್ಷನ್ ಸಾಕು: ದಿನ ಕೊಟ್ಟರೆ ‘ಆರಿಸಬಹುದು’ ಅಥವಾ ‘ಬಾರದು, ಕಾರಣ ಇದು’ ಎಂದು ಹೇಳಬೇಕು. ಕಾರಣ ಮುಖ್ಯ. ಮಸುಕಾದ ದಿನವನ್ನು ರೈತ ಒತ್ತಿ ಒತ್ತಿ ನೋಡಿ ಆ್ಯಪ್ ಕೆಟ್ಟಿದೆ ಎಂದುಕೊಳ್ಳುತ್ತಾನೆ, ‘ಇವತ್ತು ಟೆಂಡರ್ ಇಲ್ಲ’ ಎಂದು ತೋರಿಸಿದರೆ ಸುಮ್ಮನಾಗುತ್ತಾನೆ. ವಾರದ ನಿಯಮ, ರಜೆಗಳ ಪಟ್ಟಿ ಎರಡೂ ಸರ್ವರ್‌ನಿಂದ ಬರಲಿ. ಮಾರುಕಟ್ಟೆ ಒಂದು ಗುರುವಾರ ಬಂದ್ ಆದರೆ ಅದಕ್ಕಾಗಿ ಪ್ಲೇ ಸ್ಟೋರ್‌ಗೆ ಹೊಸ ಆವೃತ್ತಿ ಏರಿಸುವುದು ಕೆಲಸವಲ್ಲ. ಕ್ಯಾಲೆಂಡರ್ ಘಟಕಕ್ಕೆ ಉಳಿದದ್ದು ಮೊದಲ ದಿನ, ಕೊನೆಯ ದಿನ, ಗುರುತುಗಳು, ಭಾಷೆ, ಒಂದು ದಿನವೋ ದಿನಗಳ ಸಾಲೋ. ಬಣ್ಣ ಥೀಮ್‌ನಿಂದ ಬರಲಿ.

ಫ್ಲಟರ್‌ನ ಶೋ-ಡೇಟ್-ಪಿಕರ್ ಬಳಸುವುದಾದರೆ ಒಂದು ಎಚ್ಚರ. ಆರಂಭದ ದಿನವಾಗಿ ‘ಇವತ್ತು’ ಕೊಟ್ಟು, ಇವತ್ತು ಮಂಗಳವಾರವಾದರೆ, ನಿಮ್ಮ ನಿಯಮಕ್ಕೆ ಅದೇ ಹೊಂದುವುದಿಲ್ಲ. ಡೀಬಗ್‌ನಲ್ಲಿ, ಅಂದರೆ ನೀವು ಪರೀಕ್ಷೆಗೆ ಓಡಿಸುವಾಗ, ಪಿಕರ್ ತೆರೆಯುವುದೇ ಇಲ್ಲ. ಸೋಮವಾರ ಟೆಸ್ಟ್ ಮಾಡಿ ‘ಓಡ್ತು’ ಎಂದವರು ಇದನ್ನು ಕಾಣುವುದು ಮರುದಿನ. ಮುಂದಿನ ಟೆಂಡರ್ ದಿನವನ್ನು ಲೆಕ್ಕಹಾಕಿ ಕೊಡಿ.

ಮಸುಕು ಮಾಡಿದ ದಿನ ಬೀಗ ಹಾಕಿದ ದಿನವಲ್ಲ, ಇದು ಮಂಟಪದವರಿಗೂ ಸೇರಿ. ಇಬ್ಬರು ಒಂದೇ ಹೊತ್ತಿಗೆ ಒಂದೇ ಖಾಲಿ ದಿನ ಒತ್ತಿದರೆ ಇಬ್ಬರ ಫೋನಿನಲ್ಲೂ ಅದು ಖಾಲಿಯೇ. ತಡೆಯುವುದು ಡೇಟಾಬೇಸ್‌ನ ಕೆಲಸ: ಮಂಟಪ ಮತ್ತು ದಿನ ಸೇರಿ ಯೂನಿಕ್ ಇರಲಿ, ಅದೇ ಜೋಡಿ ಎರಡನೇ ಸಲ ಸೇರಬಾರದು. ಹಿಂದಿನ ದಿನ ಸಂಜೆಯಿಂದ ಮಂಟಪ ಕೊಡುವವರು ಎರಡೂ ದಿನದ ಸಾಲು ಬರೆಯಬೇಕು.

ಪ್ರಶ್ನೆ: ಕ್ಯಾಲೆಂಡರ್‌ನಲ್ಲಿ ತಿಥಿ ತೋರಿಸಬೇಕು. ಕಳೆದ ವರ್ಷದ ಪಟ್ಟಿಗೆ ಎಷ್ಟು ದಿನ ಸೇರಿಸಬೇಕು? (ಗದಗ)

ಉತ್ತರ: ಮತ್ತೆ ಕೂಡಿಸುವವರು! ಚಂದ್ರ ಸೂರ್ಯನಿಂದ 12 ಡಿಗ್ರಿ ದೂರ ಸರಿಯುವ ಕಾಲಕ್ಕೆ ಒಂದು ತಿಥಿ. ಅದು ಸುಮಾರು 19 ತಾಸಿನಿಂದ 26 ತಾಸಿನವರೆಗೆ ಹಿಗ್ಗಿ ಕುಗ್ಗುತ್ತದೆ. ದಿನಕ್ಕೆ ಯಾವ ತಿಥಿ ಎಂಬುದನ್ನು ಸಾಮಾನ್ಯವಾಗಿ ಸೂರ್ಯೋದಯಕ್ಕೆ ನೋಡುತ್ತಾರೆ, ನಮ್ಮ ಕಡೆ ಸೂರ್ಯೋದಯ ಬೆಂಗಳೂರಿಗಿಂತ ಕೆಲವು ನಿಮಿಷ ತಡ. ಇದರ ಮೇಲೆ 2026ರಲ್ಲಿ ಅಧಿಕ ಜ್ಯೇಷ್ಠ, ಮೇ 17ರಿಂದ ಜೂನ್ 15ರವರೆಗೆ. ಕಳೆದ ವರ್ಷದ ಪಟ್ಟಿ ಆಮೇಲೆ ಒಂದು ತಿಂಗಳು ಪೂರ್ತಿ ತಪ್ಪುತ್ತದೆ. ಬಳಸುವವರು ನಂಬುವ ಪಂಚಾಂಗ ಯಾವುದೋ ಅದನ್ನು ಅನುಮತಿ ಪಡೆದು ಡೇಟಾ ಆಗಿ ತುಂಬಿಸಿ. ಅಂತರ್ಜಾಲದಲ್ಲಿ ಸಿಗುವ ಹತ್ತು ಸಾಲಿನ ‘ತಿಥಿ ಸೂತ್ರ’ ನಂಬಿ ಯಾರ ಏಕಾದಶಿಯನ್ನೂ ಕೆಡಿಸಬೇಡಿ.

ಪ್ರಶ್ನೆ: ರಿಯಾಕ್ಟ್ ನೇಟಿವ್ ಕ್ಯಾಲೆಂಡರ್ಸ್‌ನಲ್ಲಿ ಗುರುತು ಹಾಕುವ ದಿನಗಳ ಪಟ್ಟಿಯಾದ ಮಾರ್ಕ್ಡ್‌ಡೇಟ್ಸ್‌ಗೆ ಹೊಸ ದಿನ ಸೇರಿಸಿದರೂ ಚುಕ್ಕೆ ಬರುತ್ತಿಲ್ಲ.

ಉತ್ತರ: ಹಳೆಯ ಆಬ್ಜೆಕ್ಟ್‌ಗೇ ತುರುಕಿದ್ದೀರಿ, ಹೊಸ ಆಬ್ಜೆಕ್ಟ್ ಕೊಡಿ.

ಪ್ರಶ್ನೆ: ಡಿಸೆಂಬರ್ ಕೊನೆಯ ದಿನಗಳಲ್ಲಿ ಮುಂದಿನ ವರ್ಷ ತೋರಿಸುತ್ತದೆ, ಆಂಡ್ರಾಯ್ಡ್‌ನಲ್ಲಿ ಮಾತ್ರ.

ಉತ್ತರ: ಫಾರ್ಮ್ಯಾಟ್‌ನಲ್ಲಿ ದೊಡ್ಡ ವೈ (Y) ಹಾಕಿದ್ದೀರಿ, ಅದು ವಾರದ ಲೆಕ್ಕದ ವರ್ಷ. ಚಿಕ್ಕ ವೈ (y) ಹಾಕಿ.

ಪ್ರಶ್ನೆ: ವಾರ ಸೋಮವಾರದಿಂದ ಶುರುವಾಗಲೋ ರವಿವಾರದಿಂದಲೋ?

ಉತ್ತರ: ನಿಮ್ಮ ಮನೆಯ ಗೋಡೆ ನೋಡಿ.

ಪ್ರಶ್ನೆ: ಭಾಷೆ ಕನ್ನಡ ಇಟ್ಟರೂ ಅಂಕಿ ಮಾತ್ರ 1, 2, 3 ಎಂದೇ ಬರುತ್ತದೆ. (ಧಾರವಾಡ)

ಉತ್ತರ: ಕನ್ನಡ ಲೊಕೇಲ್‌ನ, ಅಂದರೆ ಭಾಷೆ-ಪ್ರದೇಶದ ಸೆಟ್ಟಿಂಗ್‌ನ, ರೂಢಿಯ ಅಂಕಿಯೇ ಅದು. ಕನ್ನಡ ಅಂಕಿ ಬೇಕಿದ್ದರೆ ಅಂಕಿಪದ್ಧತಿಯನ್ನು ಬೇರೆಯಾಗಿ ಕೇಳಬೇಕು, ಪರದೆಗೆ ಮಾತ್ರ. ಅದೇ ಪಠ್ಯವನ್ನು ಸರ್ವರ್‌ಗೂ ಕಳಿಸಿ, ಆಮೇಲೆ ತಾರೀಕು ಕೂಡುತ್ತಿಲ್ಲವೆಂದು ನನಗೆ ಪತ್ರ ಬರೆಯಬೇಡಿ.