ಜನವರಿಯ ವಾರಾಂತ್ಯಕ್ಕೆ ಪ್ರಾಗ್‌ಗಿಂತ ಕ್ರಾಕೋವ್ ಲೇಸು

ಜನವರಿಯ ಒಂದು ವಾರಾಂತ್ಯವನ್ನು ದಂಪತಿಗಳಿಬ್ಬರೂ ಕಡಿಮೆ ಖರ್ಚಿನಲ್ಲಿ ಕಳೆಯಲು ಚೆಕ್ ದೇಶದ ಪ್ರಾಗ್ ಸೂಕ್ತವೋ ಪೋಲೆಂಡಿನ ಕ್ರಾಕೋವ್ ಸೂಕ್ತವೋ ಎಂದು ಕೇಳಿದ್ದೀರಿ. ಪ್ರಾಗ್ ಸುಂದರವೇ, ಆದರೆ ವಸತಿಯೂ ಊಟವೂ ಅಲ್ಲಿ ಸಾಮಾನ್ಯವಾಗಿ ಹೆಚ್ಚು ತುಟ್ಟಿ. ನನ್ನ ಮಟ್ಟಿಗೆ ಕ್ರಾಕೋವ್ ಮೇಲು. 1978ರಲ್ಲೇ ಯುನೆಸ್ಕೋದ ವಿಶ್ವ ಪರಂಪರೆ ಪಟ್ಟಿಗೆ ಸೇರಿದ ಅದರ ಹಳೆಯ ಪಟ್ಟಣದ ಮುಖ್ಯ ಚೌಕದಿಂದ ವಾವೆಲ್ ಕೋಟೆಗೂ, ಕಾಜಿಮಿಯೆಜ್ ಎಂಬ ಹಳೆಯ ಯಹೂದಿ ಕೇರಿಗೂ ನಡೆದೇ ಹೋಗಬಹುದಾದ್ದರಿಂದ ಓಡಾಟದ ಖರ್ಚು ಬಹುತೇಕ ಉಳಿಯುತ್ತದೆ. ವಿಮಾನ ನಿಲ್ದಾಣದಿಂದ ನಗರಕ್ಕೆ ರೈಲಿದೆ.

ಆ ತಿಂಗಳಲ್ಲಿ ಸಂಜೆ ನಾಲ್ಕರ ಸುಮಾರಿಗೇ ಕತ್ತಲಾಗುವುದರಿಂದ ಹೊರಗಿನ ಸುತ್ತಾಟವನ್ನು ಬೆಳಗಿಗೆ ಇಟ್ಟುಕೊಂಡು, ಮಧ್ಯಾಹ್ನದ ನಂತರ ನಗರದ ಹತ್ತಿರದ ವಿಯೆಲಿಚ್ಕಾ ಉಪ್ಪಿನ ಗಣಿಗೆ ಇಳಿಯಿರಿ. ಮೇಲೆ ಹಿಮ ಬೀಳುತ್ತಿದ್ದರೂ ಒಳಗೆ ಹದವಾದ ಹವೆಯಿರುತ್ತದೆ. ಸುಮಾರು 800 ಮೆಟ್ಟಿಲುಗಳಿವೆ, ಟಿಕೆಟ್ಟೂ ಅಗ್ಗವಲ್ಲ. ಆದರೂ ಇದೊಂದಕ್ಕೆ ಕೈ ಬಿಗಿಹಿಡಿಯಬೇಡಿ.

ಊಟಕ್ಕೆ ಚೌಕದ ಹೋಟೆಲುಗಳನ್ನು ಬಿಟ್ಟು, ಕಮ್ಯುನಿಸ್ಟ್ ಕಾಲದಿಂದ ಉಳಿದುಬಂದಿರುವ ‘ಬಾರ್ ಮ್ಲೆಚ್ನಿ’ ಎಂಬ ಅಗ್ಗದ ಊಟದ ಮನೆಗಳನ್ನು ಹುಡುಕಿಕೊಳ್ಳಿ. ನೀವು ಸಸ್ಯಾಹಾರಿಗಳಾಗಿದ್ದರೆ ಆಲೂಗಡ್ಡೆ, ಚೀಸ್ ತುಂಬಿದ ಪಿಯೆರೋಗಿ ಎಂಬ ಕಡುಬು ಸಿಗುತ್ತದೆ. ಮೇಲೆ ಹಂದಿಮಾಂಸದ ಚೂರು ಉದುರಿಸುವ ರೂಢಿಯುಂಟಾದ್ದರಿಂದ ಮೊದಲೇ ಬೇಡವೆನ್ನಿ. ಪೋಲೆಂಡಿನಲ್ಲಿ ಯೂರೋ ಅಲ್ಲ, ಝ್ಲೋಟಿ ನಡೆಯುತ್ತದೆ. ಯಾವ ಹಣದಲ್ಲಿ ಪಾವತಿಸುವಿರಿ ಎಂದು ಕಾರ್ಡ್ ಯಂತ್ರ ಕೇಳಿದಾಗ ಝ್ಲೋಟಿಯನ್ನೇ ಆರಿಸಿದರೆ ವಿನಿಮಯದಲ್ಲಿ ನಷ್ಟ ಕಡಿಮೆ.