ಪರಸ್ಪರ ಆಸರೆಯಾಗುವ ಪ್ರೇಮವನ್ನು ತೋರಿಸುವ ಆಧುನಿಕ ಚೀನೀ ಧಾರಾವಾಹಿ ಯಾವುದು?

2021ರಲ್ಲಿ ಬಂದ ‘ಯು ಆರ್ ಮೈ ಗ್ಲೋರಿ’ಯನ್ನು ನಾನು ಮೊದಲು ಹೆಸರಿಸುತ್ತೇನೆ. ಪ್ರಸಿದ್ಧ ನಟಿಯಾಗಿರುವ ನಾಯಕಿ ಚಿಯಾವ್ ಜಿಂಗ್‌ಜಿಂಗ್ ತನ್ನ ಹಳೆಯ ಸಹಪಾಠಿಯೂ ಬಾಹ್ಯಾಕಾಶ ಎಂಜಿನಿಯರನೂ ಆದ ಯೂ ತೂನನ್ನು ಮತ್ತೆ ಭೇಟಿಯಾಗುವುದು ಮೊಬೈಲ್ ಆಟವೊಂದರ ಮೂಲಕ. ಮನೆಯ ಹಣಕಾಸಿನ ಚಿಂತೆಯಿಂದ ಅವನು ತಾನು ಪ್ರೀತಿಸುವ ವೃತ್ತಿಯನ್ನೇ ಬಿಡಲು ಯೋಚಿಸುತ್ತಿರುವಾಗ, ಅವನಿಗಿಂತ ಬಹಳ ಹೆಚ್ಚು ಗಳಿಸುವ ಆಕೆ ತನ್ನ ದುಡ್ಡಿನ ಬಲದಿಂದ ಅವನ ಬದುಕನ್ನು ನಿರ್ಧರಿಸಲು ಹೊರಡದೆ, ಆ ಕೆಲಸದ ಮೇಲೆ ಅವನಿಗಿರುವ ಮಮತೆಯನ್ನು ಗುರುತಿಸಿ ಗೌರವಿಸುತ್ತಾಳೆ. ಅವನೂ ಆಕೆಯ ನಟನಾವೃತ್ತಿಯನ್ನು ಕೀಳಾಗಿ ಕಾಣುವುದಿಲ್ಲ. ನನಗೆ ಬಹಳ ಹಿಡಿಸಿದ ಅಂಶವೆಂದರೆ, ಇಬ್ಬರೂ ಜೊತೆಯಾದ ಮೇಲೆ ಕಥೆಯನ್ನು ಎಳೆಯುವುದಕ್ಕಾಗಿ ಅನಗತ್ಯ ಸಂಶಯಗಳನ್ನು ಹೆಣೆದಿಲ್ಲ. ಕೆಲಸ ಅವರನ್ನು ದೂರ ಇರಿಸಿದಾಗಲೂ ಅವರು ಮನಬಿಚ್ಚಿ ಮಾತನಾಡಿಯೇ ದಾರಿ ಕಂಡುಕೊಳ್ಳುತ್ತಾರೆ.