ಬೇಡಿಕೆ ಇಳಿದರೂ ಕಾಗದ ಯಾಕೆ ಅಗ್ಗವಾಗಲಿಲ್ಲ?

ಉಡುಪಿಯಲ್ಲಿ ಸಣ್ಣ ಆಫ್‌ಸೆಟ್ ಪ್ರೆಸ್ ನಡೆಸುವ ಓದುಗರೊಬ್ಬರು ಕೇಳಿದ್ದಾರೆ: “ಪೇಪರ್ ಓದುವವರೇ ಕಡಿಮೆಯಾದರು. ಆದರೂ ಕಾಗದ ಅಗ್ಗವಾಗಲಿಲ್ಲ ಯಾಕೆ? ಪತ್ರಿಕೆಗಳ ಪುಟವೂ ತೆಳ್ಳಗಾಗಿದೆ. ಮಳೆಗಾಲದಲ್ಲಂತೂ ಶೀಟು ಸುಕ್ಕೆದ್ದು ಬಣ್ಣ ಸರಿಯಾಗಿ ಕೂರುವುದಿಲ್ಲ.”

ಅಚ್ಚಿನ ಕಾಗದಕ್ಕೆ ಬೇಡಿಕೆ ಇಳಿದದ್ದು ನಿಜ. ಅದರ ಜೊತೆಗೆ ಮಿಲ್ಲುಗಳೂ ನಿಂತುಬಿಟ್ಟವು. ಫಿನ್ಲೆಂಡಿನ ಕೈಪೊಲಾದಲ್ಲಿ ನ್ಯೂಸ್‌ಪ್ರಿಂಟ್, ಅಂದರೆ ಪತ್ರಿಕೆ ಅಚ್ಚು ಹಾಕುವ ಕಾಗದ, ತಯಾರಿಸುತ್ತಿದ್ದ ಮಿಲ್ಲು 2020ರ ಕೊನೆಗೆ ಮುಚ್ಚಿತು. ಅದೇ ದೇಶದ ಔಲುವಿನಲ್ಲಿ ಅಚ್ಚಿನ ಕಾಗದದ ಯಂತ್ರವನ್ನು ರಟ್ಟಿನ ಪೆಟ್ಟಿಗೆಗೆ ಬಳಸುವ ಗಟ್ಟಿ ಕ್ರಾಫ್ಟ್ ಕಾಗದಕ್ಕೆ ಬದಲಾಯಿಸಿದರು. ಆನ್‌ಲೈನ್ ಆರ್ಡರಿಗೆ ಪೆಟ್ಟಿಗೆ ಬೇಕಲ್ಲ! ಹಾಗೆ ಬದಲಾದ ಯಂತ್ರ ಮತ್ತೆ ನ್ಯೂಸ್‌ಪ್ರಿಂಟಿಗೆ ಮರಳುವುದು ಅಪರೂಪ. ಆದ್ದರಿಂದ ಪೂರೈಕೆ ಸದಾ ಬಿಗಿ. 2022ರಲ್ಲಿ ಫಿನ್ಲೆಂಡಿನ ದೊಡ್ಡ ಕಂಪನಿಯೊಂದರಲ್ಲಿ ನಾಲ್ಕು ತಿಂಗಳಿಗೆ ಹತ್ತಿರ ಮುಷ್ಕರ, ಜೊತೆಗೆ ರಷ್ಯಾ ಯುದ್ಧ; ಬೆಲೆ ಹಾರಿದ್ದು ಹಾಗೆ. ಭಾರತದ ನ್ಯೂಸ್‌ಪ್ರಿಂಟಿನ ದೊಡ್ಡ ಪಾಲು ಆಮದು. ನಮ್ಮದೇ ಭದ್ರಾವತಿಯ ಮೈಸೂರು ಕಾಗದ ಕಾರ್ಖಾನೆ (ಎಂಪಿಎಂ) ಉತ್ಪಾದನೆ ನಿಲ್ಲಿಸಿ ದಶಕವಾಯಿತು.

ಕಾಗದದ ಕಚ್ಚಾವಸ್ತುವಾದ ಮರದ ತಿರುಳಿನ ಕೇಂದ್ರ ದಕ್ಷಿಣ ಅಮೆರಿಕಕ್ಕೆ ಸರಿಯುತ್ತಿದೆ. ಬ್ರೆಜಿಲ್‌ನಲ್ಲಿ ನೀಲಗಿರಿ ಆರೇಳು ವರ್ಷಕ್ಕೆ ಕಟಾವಿಗೆ ಬರುತ್ತದೆ. ಫಿನ್ಲೆಂಡಿನ ಸ್ಪ್ರೂಸ್ ಮರಕ್ಕೆ ಅರುವತ್ತು ವರ್ಷವಾದರೂ ಬೇಕು. ಸುಜಾನೊ ಕಂಪನಿ 2024ರಲ್ಲಿ ಬ್ರೆಜಿಲ್‌ನಲ್ಲಿ ಆರಂಭಿಸಿದ ಒಂದೇ ಮಿಲ್ಲಿನ ಸಾಮರ್ಥ್ಯ ವರ್ಷಕ್ಕೆ 25.5 ಲಕ್ಷ ಟನ್. ನೀಲಗಿರಿಯ ನಾರು ಒಂದು ಮಿಲಿಮೀಟರಿಗಿಂತ ಗಿಡ್ಡ. ಕಾಗದ ನಯವಾಗುತ್ತದೆ, ಹಿಂಬದಿಯ ಅಕ್ಷರ ಕಾಣುವುದಿಲ್ಲ. ಹರಿಯದಿರಲು ಮಾತ್ರ ಉದ್ದ ನಾರೂ ಸ್ವಲ್ಪ ಬೇಕು.

ಚೀನಾ 2021ರ ಜನವರಿಯಿಂದ ರದ್ದಿ ಆಮದು ನಿಲ್ಲಿಸಿತು. ಅಲ್ಲಿನ ಮಿಲ್ಲುಗಳ ಹಸಿವು ಮಾತ್ರ ಉಳಿಯಿತು, ನಮ್ಮ ಕ್ರಾಫ್ಟ್ ರೋಲುಗಳೂ ಆ ಕಡೆ ಹೊರಟವು. ಮಂಗಳೂರಿನ ಗೇರುಬೀಜದ ಕಾರ್ಟನ್ ದುಬಾರಿಯಾದದ್ದಕ್ಕೆ ಇದೂ ಒಂದು ಕಾರಣ.

ಇನ್ನು ತೆಳು ಪುಟದ ವಿಚಾರ. ಕಾಗದ ಕೊಳ್ಳುವುದು ತೂಕಕ್ಕೆ, ಅಚ್ಚು ಹಾಕುವುದು ವಿಸ್ತೀರ್ಣಕ್ಕೆ. ಒಂದು ಚದರ ಮೀಟರ್ ಕಾಗದ ಎಷ್ಟು ಗ್ರಾಂ ತೂಗುತ್ತದೆ ಎಂಬುದೇ ಜಿಎಸ್‌ಎಂ. 45 ಜಿಎಸ್‌ಎಂ ಬದಲು 42 ತಂದರೆ ಅದೇ ಟನ್ನಿನಲ್ಲಿ ಶೇ 7ರಷ್ಟು ಹೆಚ್ಚು ಪುಟ. ಹಿಂಬದಿಯ ಚಿತ್ರ ಇಣುಕುವುದು ಅದಕ್ಕೆ ತೆರುವ ಬೆಲೆ. ಓದುಗರ ಆಕ್ಷೇಪ ನ್ಯಾಯವಾದದ್ದೇ.

ಸುಕ್ಕಿಗೆ ಮಾತ್ರ ಬ್ರೆಜಿಲನ್ನು ದೂರುವಂತಿಲ್ಲ. ಮಿಲ್ಲಿನಿಂದ ಬರುವಾಗ ಕಾಗದದಲ್ಲಿ ಶೇ 5-6 ತೇವ. ಆಟಿಯ ಮಳೆಗೆ ಬಿಚ್ಚಿಟ್ಟರೆ ಅಂಚು ಮೊದಲು ನೀರು ಹೀರುತ್ತದೆ. ನಡುಭಾಗ ಒಣಗಿಯೇ ಇರುತ್ತದೆ. ಅಂಚು ಹಿಗ್ಗಿ ಅಲೆಯೇಳುತ್ತದೆ, ನಾಲ್ಕು ಬಣ್ಣ ಒಂದರ ಮೇಲೊಂದು ಕೂರುವುದಿಲ್ಲ. ಕಾಗದದ ನಾರು ಸಾಲಾಗಿ ಮಲಗಿರುವ ದಿಕ್ಕೇ ಗ್ರೇನ್. ಅದಕ್ಕೆ ಅಡ್ಡಲಾಗಿ ಹಿಗ್ಗುವುದು ಉದ್ದಕ್ಕಿಂತ ಹಲವು ಪಟ್ಟು ಹೆಚ್ಚು. ಆದ್ದರಿಂದ ಗ್ರೇನ್ ಸಿಲಿಂಡರಿನ ಉದ್ದಕ್ಕೆ ಸಮಾನಾಂತರವಾಗಿರುವ ಶೀಟು ಕೇಳಿ. ಆಗ ಬರುವ ಹಿಗ್ಗನ್ನು ಪ್ಲೇಟಿನ ಅಡಿಗೆ ಇಡುವ ಹಾಳೆಗಳನ್ನು (ಪ್ಯಾಕಿಂಗ್) ಹೆಚ್ಚುಕಡಿಮೆ ಮಾಡಿ ಸರಿಪಡಿಸಬಹುದು. ಗ್ರೇನ್ ಗೊತ್ತಾಗದಿದ್ದರೆ ಚೂರೊಂದರ ಒಂದು ಮುಖಕ್ಕೆ ನೀರು ಸವರಿ: ಕೊಳವೆಯಾಗಿ ಸುರುಳಿಗೊಂಡಾಗ ಆ ಕೊಳವೆಯ ಉದ್ದವೇ ಗ್ರೇನಿನ ದಿಕ್ಕು. ರೀಮುಗಳು ನೆಲಕ್ಕೂ ಗೋಡೆಗೂ ತಾಗದಂತೆ ಹಲಗೆಯ ಮೇಲಿರಲಿ. ಅಚ್ಚಿಗೆ ಒಂದೆರಡು ದಿನ ಮೊದಲೇ ಯಂತ್ರದ ಕೋಣೆಗೆ ತನ್ನಿ, ಹೊದಿಕೆ ಬಿಚ್ಚುವುದು ಕೊನೇ ಗಳಿಗೆಗೆ.

ಕೊಂಡ ಕಾಗದ ಹೇಳಿದಷ್ಟು ಜಿಎಸ್‌ಎಂ ಇದೆಯೇ ಎಂಬುದನ್ನು ತೂಗಿಯೇ ನೋಡಬಹುದು. 23×36 ಇಂಚಿನ 60 ಜಿಎಸ್‌ಎಂ ರೀಮು, 500 ಶೀಟಿಗೆ, 16 ಕಿಲೋ ತೂಗಬೇಕು. 15 ಕಿಲೋ ಬಂದರೆ ನಿಮಗೆ ಸಿಕ್ಕಿದ್ದು 56 ಜಿಎಸ್‌ಎಂ. ತೂಗುವುದಿದ್ದರೆ ಮಾಲು ಬಂದ ದಿನವೇ ತೂಗಿ. ವಾರ ಬಿಟ್ಟರೆ ಹೀರಿದ ತೇವವೂ ತಕ್ಕಡಿಯಲ್ಲಿ ಕೂರುತ್ತದೆ.